ಎಲೆಯಲ್ಲಿ ಬಂದ ಹೊಲ

ಮಳೆಗಾಲದ ಸೋಮವಾರಗಳಲ್ಲಿ ನಾನು ಅಂಗಳ ಸಾರಿಸಿ, ರಂಗೋಲಿ ಎಳೆದು ಸೊಂಟ ನೆಟ್ಟಗೆ ಮಾಡುವ ಹೊತ್ತಿಗೆ ಸರಿಯಾಗಿ ಹಾಲಮ್ಮ ಬರುತ್ತಿದ್ದಳು. ಕೈಯಲ್ಲಿ ಒಂದು ಮುತ್ತುಗದ ಎಲೆ, ಎಲೆಯ ಮೇಲೆ ಒಂದು ಹಿಡಿ ಹಸಿ ಕೆಸರು. ಅದನ್ನು ನನ್ನ ರಂಗೋಲಿಯ ನಟ್ಟನಡುವೆ ಇಟ್ಟು, ಬೀದಿಗೆಲ್ಲ ಕೇಳುವಂತೆ, "ನಿಮ್ಮ ಹೊಲ ತಗಳ್ರಿ. ನಮ್ಮನೆ ನೀರಿನ ಕೊಡದಾಗ ಬಂದು ಕುಂತಿತ್ತು" ಅನ್ನುತ್ತಿದ್ದಳು. ಉತ್ತರಕ್ಕೆ ಕಾಯುತ್ತಿರಲಿಲ್ಲ. ತಿರುಗಿ ಹೋಗಿಬಿಡುತ್ತಿದ್ದಳು.

ಮಕ್ಕಳೇ, ಊರಿನಲ್ಲಿ ಅವಳ ಬಗ್ಗೆ ನೀವು ಒಳ್ಳೆಯ ಮಾತು ಕೇಳಿರುತ್ತೀರಿ. ಸತ್ತವರ ಬಗ್ಗೆ ಎಲ್ಲರೂ ಒಳ್ಳೆಯದನ್ನೇ ಆಡುತ್ತಾರೆ. ನನಗೆ ಅವಳನ್ನು ಕಂಡರೆ ಆಗುತ್ತಿರಲಿಲ್ಲ. ಈಗಲೂ ಆಗುವುದಿಲ್ಲ. ಹೋದ ಸಲ ಶಿಕಾರಿಪುರದಿಂದ ಬಂದಾಗ ನೀವು ನಮ್ಮ ಹೊಲದ ಕೆಳತುದಿಯಲ್ಲಿ ನಿಂತು, "ಅಜ್ಜಿ, ಇಷ್ಟು ಜಾಗ ಯಾಕೆ ಖಾಲಿ ಬಿಟ್ಟಿದ್ದೀರಿ?" ಎಂದು ಕೇಳಿದ್ದಿರಿ. ನನಗೆ ಬಾಯಲ್ಲಿ ಹೇಳುವುದು ಯಾವತ್ತೂ ಕಷ್ಟ. ಅದಕ್ಕೇ ಬರೆಯುತ್ತಿದ್ದೇನೆ.

ಹಾಲಮ್ಮ ಕುರಿ ಸಾಕುವ ಮನೆಯವಳು. ಎತ್ತರದ ಆಳು. ಹೆಗಲ ಮೇಲೆ ಮಡಿಸಿದ ಕಂಬಳಿ, ಕೈಯಲ್ಲಿ ಕೋಲು. ಕುರಿಗಳ ಹಿಂದೆ ತಿರುಗಿ ತಿರುಗಿ ಅವಳ ಹೆಜ್ಜೆ ಗಂಡಸರ ಹೆಜ್ಜೆಗಿಂತ ಉದ್ದವಾಗಿತ್ತು. ಮನೆ ಕೆಳಕೇರಿಯಲ್ಲಿ, ಕೆರೆ ಏರಿಯ ಬುಡದಲ್ಲಿ. ಅಲ್ಲಿ ಎಷ್ಟು ಕಡೆ ಬೋರು ಕೊರೆದರೂ ನೀರು ಬೀಳಲಿಲ್ಲ. ಅವರೆಲ್ಲ ಕೆರೆಯ ಮೆಟ್ಟಿಲು ಇಳಿದೇ ಕುಡಿಯುವ ನೀರು ತರಬೇಕು. ನಮ್ಮ ಮನೆಗೆ ಹಿತ್ತಲಲ್ಲೇ ಬೋರು ಇತ್ತು. ಇದನ್ನು ನೆನಪಿಟ್ಟುಕೊಂಡು ಮುಂದೆ ಓದಿ.

ಮದುವೆ ಮನೆಯಲ್ಲೂ ಅವಳು ಲೋಟವನ್ನು ಮೊದಲು ಮೂಗಿಗೆ ಹಿಡಿದು, ಆಮೇಲೆ ಬಾಯಿಗೆ ಹಿಡಿಯುತ್ತಿದ್ದಳು. ಬಡಿಸುವವರಿಗೆ ಮುಜುಗರ. ಅವಳಿಗೆ ಯಾವ ಮುಜುಗರವೂ ಇರಲಿಲ್ಲ. ಕೊಡದ ನೀರನ್ನು ಒಂದು ದಿನ ಅಲುಗಾಡಿಸದೆ ಇಟ್ಟು, ಮೇಲಿನ ತಿಳಿಯನ್ನು ಬಗ್ಗಿಸಿಕೊಂಡು, ತಳದಲ್ಲಿ ಉಳಿದದ್ದನ್ನು ಬೆರಳಲ್ಲಿ ಉಜ್ಜಿ ನೋಡುತ್ತಿದ್ದಳು. "ಇದು ಇಟ್ಟಿಗೆ ಭಟ್ಟಿಯವರ ಜೇಡಿ. ಇದು ಗೌಡ್ರ ಮೆಕ್ಕೆಜೋಳದ ಕೆಮ್ಮಣ್ಣು" ಎಂದು ಬೇರೆ ಬೇರೆ ಹೇಳುತ್ತಿದ್ದಳು. ಗೌಡ್ರು ಅಂದರೆ ನಿಮ್ಮ ಅಜ್ಜ. ಭಟ್ಟಿಯವರಿಗೂ ಎಲೆ ಹೋಗುತ್ತಿತ್ತಂತೆ. ಅವರು ಹೊರಗಿನವರು, ನಕ್ಕು ಸುಮ್ಮನಾದರು. ನಾವು ಊರಿನವರು, ನಗಲು ಆಗಲಿಲ್ಲ.

ನಾನು ಸೊರಬದ ಕಡೆಯವಳು. ನನ್ನ ತವರಿನಲ್ಲಿ ಕೆರೆಯ ಮೇಲ್ಭಾಗದಲ್ಲಿ ಕಾನು ಇತ್ತು, ದಟ್ಟ ಕಾಡು, ಯಾರೂ ಅದಕ್ಕೆ ಕೊಡಲಿ ಹಾಕುತ್ತಿರಲಿಲ್ಲ. ಮಳೆಗಾಲದಲ್ಲೂ ಕೆರೆಗಿಳಿದು ನಿಂತರೆ ಕಾಲುಬೆರಳು ಕಾಣುತ್ತಿದ್ದವು. ಈ ಊರಿಗೆ ಮದುವೆಯಾಗಿ ಬಂದಾಗ ನಮ್ಮ ಹೊಲಕ್ಕೂ ಹಳ್ಳಕ್ಕೂ ನಡುವೆ ಲಕ್ಕಿ ಗಿಡ, ಬಿದಿರು ಮೆಳೆ, ಎದೆಮಟ್ಟದ ಹುಲ್ಲು ಇತ್ತು. ಆ ಹಳ್ಳವೇ ಕೆರೆಗೆ ನೀರು ತರುವುದು. ಮಾವನವರು ಇರುವವರೆಗೆ ಅದನ್ನು ಮುಟ್ಟಲಿಲ್ಲ. ಅವರು ಹೋದ ಮೇಲೆ ನಿಮ್ಮ ಅಜ್ಜ ಜೆಸಿಬಿ ತರಿಸಿ ಹಳ್ಳದ ದಂಡೆಯವರೆಗೂ ಬೋಳು ಮಾಡಿಸಿದರು. ಟ್ರ್ಯಾಕ್ಟರ್ ತಿರುಗಿಸಲು ಸುಲಭ ಎಂದು ಇಳಿಜಾರಿಗೆ ನೇರವಾಗಿ, ಮೇಲಿನಿಂದ ಕೆಳಕ್ಕೆ ಉಳುಮೆ. ಒಂದೊಂದು ಸಾಲೂ ಒಂದೊಂದು ಕಾಲುವೆಯಾಯಿತು.

ಆಗ ಹಾಲಮ್ಮ ಮೊದಲ ಸಲ ನಮ್ಮ ಕಟ್ಟೆಗೆ ಬಂದಳು.

"ಗೌಡ್ರೆ, ಇಪ್ಪತ್ತು ಹೆಜ್ಜೆ ಬಿಡ್ರಿ. ಹಳ್ಳದ ದಂಡಿಗೆ ಬರೇ ಇಪ್ಪತ್ತು ಹೆಜ್ಜೆ. ಹುಲ್ಲು ಎದ್ರೆ ಮಣ್ಣು ಅಲ್ಲೇ ನಿಲ್ತೈತೆ. ನಾವು ಅದೇ ನೀರು ಕುಡಿಯೋರು."

ಇವರು ನಕ್ಕರು. "ಯಾರ ಹೆಜ್ಜೆ, ನಿಂದಾ? ನಿನ್ನ ಹೆಜ್ಜೇಲಿ ಅಳೆದ್ರೆ ನನ್ನ ಅರ್ಧ ಹೊಲಾನೇ ಹೋತು. ಮೊದ್ಲು ನಿನ್ನ ಕುರಿ ಹಿಕ್ಕಿ ಕೆರೆಗೆ ಬೀಳೋದು ನಿಲ್ಸು. ಆಮೇಲೆ ನನ್ನ ಹೊಲಕ್ಕೆ ಬಾ."

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಬಾಗಿಲ ಸಂದಿಯಲ್ಲಿ ನಿಂತಿದ್ದ ನಾನೂ ನಕ್ಕೆ. ಅವಳು ಒಂದು ಕ್ಷಣ ನೆಲ ನೋಡಿ, "ಅದು ಖರೆ" ಎಂದು ಎದ್ದು ಹೋದಳು.

ಮರುದಿನದಿಂದ ಅವಳ ಕುರಿಗಳು ಕೆರೆಗೆ ಇಳಿಯಲಿಲ್ಲ. ಏರಿಯ ಆಚೆ ಒಂದು ಕಲ್ಲುಬಾನಿ ಉರುಳಿಸಿಕೊಂಡು ಬಂದು ಇಟ್ಟಳು. ಕೆರೆಯಿಂದ ಕೊಡ ಕೊಡವಾಗಿ ನೀರು ಹೊತ್ತು ಅಷ್ಟೂ ಕುರಿಗೆ ಅಲ್ಲೇ ಕುಡಿಸಿದಳು. ಒಂದು ದಿನವಲ್ಲ, ಒಂದು ತಿಂಗಳಲ್ಲ, ಕುರಿ ಇರುವವರೆಗೂ. ಮೊದಲ ಎಲೆ ತಂದ ಸೋಮವಾರ ಇವರಿಗೆ ಹೇಳಿದ್ದು ಇಷ್ಟೇ: "ನನ್ನ ಹಿಕ್ಕಿ ನಿಂತೈತೆ ಗೌಡ್ರೆ. ನಿಮ್ಮ ಮಣ್ಣು ಯಾವಾಗ ನಿಲ್ತೈತೆ?"

ಇವರು ಎಲೆಯನ್ನು ಕಾಲಿನಿಂದ ಒದ್ದರು. ಸಾರಿಸಿದವಳು ನಾನು. ಆಮೇಲಿನ ಎಲೆಗಳನ್ನೆಲ್ಲ ಅವರು ಏಳುವ ಮೊದಲೇ ಎತ್ತಿ ಹಿತ್ತಲ ಗೋಡೆಯ ಮೂಲೆಗೆ ಸುರಿಯುತ್ತಿದ್ದೆ. ಗುಡ್ಡೆ ಬೆಳೆಯಿತು. ನುಣ್ಣನೆಯ ಒಳ್ಳೆಯ ಮಣ್ಣು. ಆದರೂ ಸಿಟ್ಟಿಗೆ ಅದರಲ್ಲಿ ಒಂದು ಚೆಂಡುಹೂವಿನ ಗಿಡವನ್ನೂ ನಾನು ಹಚ್ಚಲಿಲ್ಲ.

ಹೊಲವನ್ನು ಶುಂಠಿಗೆ ಗುತ್ತಿಗೆ ಕೊಟ್ಟ ಮೇಲೆ ಇನ್ನೂ ಕೆಟ್ಟಿತು. ಗೊಬ್ಬರದ ಮೇಲೆ ಗೊಬ್ಬರ, ಔಷಧಿಯ ಮೇಲೆ ಔಷಧಿ. ಆ ವರ್ಷ ಕೆರೆ ಮೊದಲು ಕೆಂಪಾಯಿತು, ಆಮೇಲೆ ಹಸಿರಾಯಿತು. ದಡದಲ್ಲಿ ಪಾಚಿ ಕೆನೆಗಟ್ಟಿ ನಾರುತ್ತಿತ್ತು. ಕೆಳಕೇರಿಯಲ್ಲಿ ಹೊಟ್ಟೆನೋವು, ವಾಂತಿ. ಹಾಲಮ್ಮನ ಎರಡು ಕುರಿ ತಪ್ಪಿಸಿಕೊಂಡು ಹಳ್ಳದಲ್ಲಿ ಬಾಯಿ ಹಾಕಿ, ಸಂಜೆಯೊಳಗೆ ಕಾಲು ಬಡಿದು ಸತ್ತವು.

ಊರಿನವರು ಶಾಲೆಯ ಜಗುಲಿಯಲ್ಲಿ ಸೇರಿದರು. ಔಷಧಿ ಬೆರೆಸುವ ಡ್ರಮ್ಮನ್ನು ಗುತ್ತಿಗೆಯವರ ಆಳುಗಳು ಯಾರೂ ಹಳ್ಳದಲ್ಲಿ ತೊಳೆದಿಲ್ಲ ಎಂದು ಇವರು ಹೇಳಿದರು. ಹಾಲಮ್ಮ ಹೆಂಗಸರ ಸಾಲಿಗೆ ಬಂದು ನನ್ನ ಮುಂದೆ ನಿಂತಳು.

"ಸೊರಬದಾಕಿ, ದಿನಾ ಬುತ್ತಿ ತಗಂಡು ಹೊಲಕ್ಕೆ ಹೋಗಾಕಿ ನೀನು. ಡ್ರಮ್ಮು ಎಲ್ಲಿ ತೊಳೀತಿದ್ರು? ನೀ ಏನು ಹೇಳ್ತೀಯೋ ಅದೇ ಆಗ್ಲಿ. ನಾ ಮತ್ತೆ ಕೇಳಲ್ಲ."

ನಾನು ನೋಡಿದ್ದೆ. ಒಂದೆರಡು ಸಲವಲ್ಲ, ದಿನವೂ ನೋಡಿದ್ದೆ. ನೀರು ಹಾಲಿನ ಹಾಗೆ ಬೆಳ್ಳಗಾಗಿ ಕೆಳಗೆ ಹರಿಯುತ್ತಿತ್ತು. ಇವರು ಆ ಕಡೆಯಿಂದ ನನ್ನನ್ನೇ ನೋಡುತ್ತಿದ್ದರು. ನಾನು ಸೆರಗಿನ ತುದಿ ಸುತ್ತುತ್ತಾ ನೆಲ ನೋಡಿದೆ. ಸಭೆ ಕಾಯಿತು. ಕಾದು, ಎದ್ದು ಹೋಯಿತು.

ಹಾಲಮ್ಮ ಮೆಲ್ಲಗೆ, ನನಗೆ ಮಾತ್ರ ಕೇಳುವಂತೆ, "ಕೆರೆ ನೀರಿಗಾದ್ರೂ ಕಲಕಿದ್ರೆ ಒಂದು ಬಣ್ಣ ಬರ್ತೈತೆ. ನಿನಗೆ ಅದೂ ಇಲ್ಲ" ಅಂದಳು. ಬೀದಿಗೆಲ್ಲ ಕೇಳುವಂತೆ ಬೈಯುವವಳು ಅದೊಂದನ್ನು ಮೆಲ್ಲಗೆ ಹೇಳಿದಳು. ಆ ಮಾತಿಗೆ ನಾನು ಅವಳನ್ನು ಇನ್ನೂ ಕ್ಷಮಿಸಿಲ್ಲ.

ಶುಂಠಿಗೆ ಕೊಳೆ ರೋಗ ಬಂದು ಗುತ್ತಿಗೆಯವರು ಬಿಟ್ಟು ಹೋದರು. ಮತ್ತೆ ಮೆಕ್ಕೆಜೋಳ, ಮತ್ತೆ ಅದೇ ಉಳುಮೆ. ನಿಮ್ಮ ಅಜ್ಜ ಒಂದು ಶ್ರಾವಣದಲ್ಲಿ ತೀರಿಕೊಂಡರು. ಆ ವಾರ ಅವಳು ಬರಲಿಲ್ಲ. ಮುಂದಿನ ಸೋಮವಾರ, ರಂಗೋಲಿಯಿಲ್ಲದ ಅಂಗಳದಲ್ಲಿ ಎರಡು ಎಲೆ ಇಟ್ಟಳು. "ಹೋದ ವಾರದ್ದೂ ಸೇರ್ಸೇನಿ" ಅಂದಳು. ಈಗ ಹೊಲ ನನ್ನ ಹೆಸರಿಗಿತ್ತು. ಇಪ್ಪತ್ತು ಹೆಜ್ಜೆ ಬಿಡಲು ಯಾರನ್ನೂ ಕೇಳಬೇಕಾಗಿರಲಿಲ್ಲ. ಆದರೆ ಬಿಟ್ಟರೆ ಅವಳು ಗೆದ್ದಂತೆ. ಬಿಡಲಿಲ್ಲ. ಹಾಗೆ ಆರು ಮಳೆಗಾಲ ಕಳೆದವು.

ಹೋದ ವರ್ಷ ಮುಂಗಾರಿನ ಮೊದಲ ದೊಡ್ಡ ಮಳೆ ಬಿದ್ದ ಮೇಲಿನ ಸೋಮವಾರ ಹಾಲಮ್ಮ ಬರಲಿಲ್ಲ. ನಾನು ಅಂಗಳದಲ್ಲಿ ಪೊರಕೆ ಹಿಡಿದು ಬಹಳ ಹೊತ್ತು ನಿಂತಿದ್ದೆ. ಪೀಡೆ ತೊಲಗಿತು ಎಂದು ಒಳಗೆ ಹೋದೆ, ಮತ್ತೆ ಹೊರಗೆ ಬಂದೆ. ಹನ್ನೊಂದು ಗಂಟೆಗೆ ಪಕ್ಕದ ಮನೆಯವಳು ಬಂದು, "ಹಾಲಮ್ಮ ಹೋದ್ಲಂತೆ. ನಾಲ್ಕು ಗಂಟಿಗೆ ಮಣ್ಣಂತೆ" ಅಂದಳು.

ಹೋಗಬಾರದು ಅಂದುಕೊಂಡೆ. ಆಮೇಲೆ ಹಿತ್ತಲಿಗೆ ಹೋಗಿ ಆ ಗುಡ್ಡೆಯಿಂದ ಒಂದು ಹಿಡಿ ಮಣ್ಣು ತೆಗೆದು ಸೆರಗಿಗೆ ಕಟ್ಟಿಕೊಂಡೆ. ಸುಳ್ಳು ಹೇಳುವುದಿಲ್ಲ, ಒಳ್ಳೆಯ ಮನಸ್ಸಿನಿಂದ ಅಲ್ಲ. ಇಷ್ಟು ವರ್ಷ ನನ್ನ ಅಂಗಳದಲ್ಲಿ ಸುರಿದದ್ದನ್ನು ಕೊನೆಗೊಮ್ಮೆ ಅವಳ ಮೇಲೇ ಸುರಿಯಬೇಕು ಅಂತಿತ್ತು.

ಗುಣಿಯ ಹತ್ತಿರ ಎಲ್ಲರೂ ಒಬ್ಬೊಬ್ಬರಾಗಿ ಮಣ್ಣು ಹಾಕುತ್ತಿದ್ದರು. ನನ್ನ ಸರದಿ ಬಂತು. ಗಂಟು ಬಿಚ್ಚಿದೆ. ಮುಷ್ಟಿ ಮುಂದೆ ಹೋಯಿತು, ಬೆರಳು ಬಿಚ್ಚಲಿಲ್ಲ. ಬದುಕಿದ್ದಷ್ಟು ದಿನ ಅವಳು ಈ ಮಣ್ಣನ್ನು ಕುಡಿದಿದ್ದಳು. ಹೊತ್ತು ತಂದು ಕೊಟ್ಟಿದ್ದಳು. ಈಗಲೂ ಅವಳೇ ಹೊರಬೇಕೇ? ಅದನ್ನು ಮತ್ತೆ ಸೆರಗಿಗೆ ಕಟ್ಟಿ, ಅಲ್ಲಿ ಬಿದ್ದಿದ್ದ ಮಣ್ಣನ್ನೇ ಮೂರು ಹಿಡಿ ಹಾಕಿ ಬಂದೆ.

ಮನೆಗೆ ಹೋಗದೆ ನೇರ ಹೊಲಕ್ಕೆ ಹೋದೆ. ಹಳ್ಳದ ದಂಡೆಯಲ್ಲಿ ನಿಂತು ಮೇಲಕ್ಕೆ ಎಣಿಸಿದೆ. ಅವಳ ಇಪ್ಪತ್ತು ಹೆಜ್ಜೆ ನನಗೆ ಎಷ್ಟಾಗಬಹುದು ಎಂದು ನನ್ನಷ್ಟಕ್ಕೆ ಅಂದಾಜು ಮಾಡಿ, ಮೂವತ್ತು ಹೆಜ್ಜೆಗೆ ನಿಂತು, ಸೆರಗಿನ ಮಣ್ಣನ್ನು ಅಲ್ಲಿ ಸುರಿದು ಮೇಲೊಂದು ಕಲ್ಲಿಟ್ಟೆ.

ಮರುದಿನ ಟ್ರ್ಯಾಕ್ಟರ್ ಬಂತು. "ಕಲ್ಲಿನಿಂದ ಕೆಳಗೆ ಬೇಡ. ಮೇಲೂ ಅಡ್ಡಡ್ಡ ಉಳು" ಅಂದೆ. ಎಂಜಿನ್ ಸದ್ದಿಗೆ ಡ್ರೈವರನಿಗೆ ಕೇಳಲಿಲ್ಲ. ನಾನು ಹೋಗಿ ಎದುರಿಗೆ ನಿಂತೆ. ಅವನು ಗಾಡಿ ಆರಿಸಿ, "ಯಾಕಮ್ಮಾ, ಒಳ್ಳೆ ಭೂಮಿ, ಸುಮ್ನೆ ಬಿಡ್ತೀರಲ್ಲ?" ಅಂದ. ಪಕ್ಕದ ಹೊಲದವರೂ ತಿರುಗಿ ನೋಡುತ್ತಿದ್ದರು.

"ಔಷಧಿ ಡ್ರಮ್ಮು ಈ ಹಳ್ಳದಾಗೇ ತೊಳೀತಿದ್ರು. ನಾ ನೋಡೇನಿ" ಅಂದೆ.

ಅವನು ಕೇಳಿದ್ದಕ್ಕೆ ಅದು ಉತ್ತರವಲ್ಲ. ಅವನು ಏನೂ ತಿಳಿಯದೆ ತಲೆಯಾಡಿಸಿ, ಗಾಡಿ ಅಡ್ಡ ತಿರುಗಿಸಿದ. ಹಾಲಮ್ಮ ಬದುಕಿದ್ದರೆ ಬಂದು ನೋಡಿ, "ಇಷ್ಟು ವರ್ಷ ಬಾಯಿ ಎಲ್ಲಿಟ್ಟಿದ್ದಿ?" ಎಂದು ಬೀದಿಗೆಲ್ಲ ಕೇಳುವಂತೆ ಕೇಳುತ್ತಿದ್ದಳು. ಅದಕ್ಕೂ ನಾನು ನೆಲವನ್ನೇ ನೋಡುತ್ತಿದ್ದೆ.