ಸಾವಕಾಶ ಓಡಬೇಕಾಗಿದ್ದ ಶರ್ಯತ್ತು

ಕಳೆದ ಚಳಿಗಾಲದಲ್ಲಿ ನಾನು ಜರ್ಮನಿಯ ಒಬ್ಬ ಸ್ಕೀ ಓಟಗಾರ್ತಿಯ ಜೀವನಚಿತ್ರದ ಮಾತುಗಳಿಗೆ ಕನ್ನಡ ಅಡಿಬರಹ, ಅಂದರೆ ಸಬ್‌ಟೈಟಲ್, ಬರೆಯುತ್ತಿದ್ದೆ. ಹಿಮದ ಬೆಟ್ಟದ ತುದಿಯಿಂದ ಕಾಲಿಗೆ ಎರಡು ಉದ್ದನೆಯ ಪಟ್ಟಿ ಕಟ್ಟಿಕೊಂಡು ಜಾರಿ ಬರುವುದು ಅವಳ ಕಸುಬು. ಚಿತ್ರ ಆರು ಕಂತು. ವಿಶ್ವವಿದ್ಯಾಲಯದಲ್ಲಿ ಕಲಿತ ಜರ್ಮನ್ ನಮ್ಮೂರು ಐನಾಪುರದಲ್ಲಿ ಉಪಯೋಗಕ್ಕೆ ಬಂದದ್ದು ಅದೇ ಮೊದಲು. ಬಾಗಿಲು ಹಾಕಿಕೊಂಡು ಕೆಲಸ ಮಾಡುವುದು ನನಗಿಷ್ಟ. ಆದರೆ ನಮ್ಮ ಮನೆಯಲ್ಲಿ ಇಂಟರ್‌ನೆಟ್ ಸರಿಯಾಗಿ ಸಿಗುವುದು ಪಡಸಾಲೆಯಲ್ಲಿ ಮಾತ್ರ, ಮತ್ತು ಪಡಸಾಲೆಯ ಮಂಚದ ಮೇಲೆ ಮೊಣಕಾಲಿಗೆ ಪಟ್ಟಿ ಕಟ್ಟಿಸಿಕೊಂಡ ನನ್ನ ಚಿಕ್ಕಪ್ಪ, ಕಾಕಾ, ಮಲಗಿದ್ದರು.

ಕಾಕಾ ದ್ರಾಕ್ಷಿ ಬೆಳೆಯುತ್ತಾರೆ. ಆದರೆ ಯಾರಾದರೂ ಕೇಳಿದರೆ ಶರ್ಯತ್ತಿನ ಗಾಡಿ ಓಡಿಸುವವನು ಎಂದೇ ಹೇಳಿಕೊಳ್ಳುತ್ತಾರೆ. ನಮ್ಮ ಕಡೆ ಒಂದೇ ನೊಗಕ್ಕೆ ಒಂದು ಕುದುರೆ, ಒಂದು ಎತ್ತು ಕಟ್ಟಿ ಹಗುರವಾದ ಗಾಡಿ ಓಡಿಸುವ ಶರ್ಯತ್ತುಗಳು, ಅಂದರೆ ಓಟದ ಪಂದ್ಯಗಳು, ನಡೆಯುತ್ತವೆ. ಐವತ್ತೆರಡನೆಯ ವಯಸ್ಸಿನಲ್ಲಿ ರಾಯಬಾಗದ ಹತ್ತಿರ ಅಂಥದೊಂದು ಗಾಡಿಯಿಂದ ಬಿದ್ದು ಅವರ ಮೊಣಕಾಲು ಕೆಟ್ಟಿತ್ತು. ಇನ್ನು ಗಾಡಿ ಹತ್ತಬಾರದು ಎಂದು ಅವರ ಹೆಂಡತಿ, ನನ್ನ ಕಾಕು. ಹತ್ತಿಯೇ ಹತ್ತುತ್ತೇನೆ ಎಂದು ಕಾಕಾ. ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ.

ಮೊದಲ ದಿನ ನಾನು ಇಯರ್‌ಫೋನ್ ಹಾಕಿಕೊಂಡು ಕೂತಿದ್ದೆ. ಅರ್ಧ ಗಂಟೆಯಲ್ಲಿ ಕಾಕಾ ಮಂಚದ ಈ ತುದಿಗೆ ಸರಿದು ಬಂದಿದ್ದರು.

"ಇಕಿ ಒಬ್ಬಾಕಿನ ಬರಾಕತ್ತಾಳಲ್ಲ ಮಗಳ, ಉಳದವ್ರು ಎಲ್ಲಿ ಹ್ವಾದ್ರು?"

"ಒಬ್ಬೊಬ್ಬರನ್ನ ಬಿಡ್ತಾರ ಕಾಕಾ. ಗಡಿಯಾರ ಹಚ್ಚಿ, ಯಾರ ವ್ಯಾಳ್ಯಾ ಕಡಿಮಿ ಅಂತ ನೋಡ್ತಾರ."

"ಮಗ್ಗಲದಾಗ ಮಂದಿನ ಇಲ್ಲಂದ್ರ ಬೈಯೂದ ಯಾರಿಗಿ?"

"ಎತ್ತಿಲ್ಲ, ಕುದುರಿ ಇಲ್ಲ. ಇಳಿಜಾರ ತಾನ ಎಳಕೊಂಡ ಹೋಗತೈತಿ, ಇಕಿದೇನ ಹೆಚ್ಚುಗಾರಿಕಿ?" ಎಂದು ಅವರು ಮುಗಿಸುವಷ್ಟರಲ್ಲಿ ತೆರೆಯ ಮೇಲೆ ಅವಳು ಬಿದ್ದಳು. ಮೂರು ಸಲ ಉರುಳಿ ಬದಿಯ ಬಲೆಗೆ ಅಪ್ಪಳಿಸಿದಳು. ಕಾಕಾ ತಮ್ಮ ಮೊಣಕಾಲನ್ನು ಹಿಡಿದುಕೊಂಡರು.

"ಯಾವ ಕಾಲ?"

"ಬಲಗಾಲು."

"ನಂದೂ ಬಲಗಾಲನ."

ಅಂದಿನಿಂದ ಅವಳು ನಮ್ಮ ಮನೆಯವಳಾದಳು. ಊಟಕ್ಕೆ ಕೂತಾಗ "ಆಕೀ ಬಾವು ಇಳೀತೇನ?" ಎಂದು ನನ್ನನ್ನು ಕೇಳುತ್ತಿದ್ದರು.

ಕಾಕುವಿಗೆ ಇದರಲ್ಲಿ ಕಾಕಾರ ಹಟ ಬಿಡಿಸುವ ಒಂದು ದಾರಿ ಕಂಡಿತು. ಅಡುಗೆಮನೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದರು.

"ಆ ಚಿತ್ರದಾಗಿನ ಡಾಕ್ಟರ್ ಆಕೀಗಿ 'ಇನ್ನ ಓಡಬ್ಯಾಡವಾ' ಅಂದಾನ ಅಂತ ಬರಿ."

"ಅವನು ಹಂಗ ಅಂದಿಲ್ಲ ಕಾಕು. ಆರು ತಿಂಗಳ ತಡಿ ಅಂದಾನ."

"ಜರ್ಮನ್ ತಿಳಿಯೂದು ಈ ಮನ್ಯಾಗ ನಿನಗೊಬ್ಬಾಕಿಗಿ. ಯಾರ ಬಂದ ನೋಡ್ತಾರ?"

ನೋಡುವವರಿಲ್ಲ ಎಂಬುದು ನಿಜ. ಆದರೂ ಇಲ್ಲದ ಮಾತನ್ನು ಬರೆಯುವುದು ನನ್ನಿಂದ ಆಗುವುದಿಲ್ಲ ಎಂದೆ. "ಇಷ್ಟ ಓದಿಸಿದ್ದ ತಪ್ಪಾತು," ಎಂದು ಕಾಕು ರೊಟ್ಟಿಯನ್ನು ಅಗತ್ಯಕ್ಕಿಂತ ಜೋರಾಗಿ ಬಡಿದರು. ನಾಲ್ಕನೆಯ ಕಂತಿನಲ್ಲಿ ಓಟಗಾರ್ತಿ ಅದೇ ಕಾಲಿನಲ್ಲಿ ಮತ್ತೆ ಇಳಿದು ಗೆದ್ದಳು. ಎರಡು ದಿನ ಕಾಕು ನನ್ನ ರೊಟ್ಟಿಗೆ ತುಪ್ಪ ಹಾಕಲಿಲ್ಲ.

ಆರನೆಯ ಕಂತಿನಲ್ಲಿ ಅವಳ ಕೊನೆಯ ಓಟ. ಅವರಲ್ಲಿ ಒಂದು ಪದ್ಧತಿ ಇದೆ: ನಿವೃತ್ತಿಯಾಗುವವರು ಕೊನೆಯ ಸಲ ಗೆಲ್ಲಲು ಓಡುವುದಿಲ್ಲ. ಅವಳು ಅಜ್ಜಿಯ ಕಾಲದ ಲಂಗ ತೊಟ್ಟು, ಜನರಿಗೆ ಕೈಬೀಸುತ್ತ, ಅರ್ಧ ದಾರಿಯಲ್ಲಿ ನಿಂತು ತರಬೇತುದಾರರನ್ನು ಅಪ್ಪಿಕೊಂಡು, ಸಾವಕಾಶವಾಗಿ ಇಳಿದು ಬಂದಳು. ಕೆಳಗೆ ನಿಂತವರೆಲ್ಲ ಕಣ್ಣೊರೆಸಿಕೊಳ್ಳುತ್ತಿದ್ದರು.

ಕಾಕಾ ಎದ್ದು ಕೂತರು. "ಹಿಂಗೂ ಬಿಡಬಹುದೇನ?"

ಕಾಕು ಬಾಗಿಲಲ್ಲೇ ನಿಂತಿದ್ದರು. ಆ ಕ್ಷಣವನ್ನು ಅವರು ಬಿಡಲಿಲ್ಲ. ಮಂಗಸೂಳಿ ಮಲ್ಲಯ್ಯನ ಭಂಡಾರ, ಅಂದರೆ ದೇವರ ಅರಿಶಿನ, ತಂದು ಮುಟ್ಟಿಸಿ ಮಾತು ತೆಗೆದುಕೊಂಡರು: ಒಂದೇ ಓಟ, ಸಾವಕಾಶ, ಆಮೇಲೆ ಗಾಡಿ ಹತ್ತುವಂತಿಲ್ಲ.

ಯುಗಾದಿ ಕಳೆದ ಮೇಲೆ ಕಾಗವಾಡದ ಹತ್ತಿರದ ಬಯಲಿನಲ್ಲಿ ಶರ್ಯತ್ತಿತ್ತು. ಕಾಕಾ ಮದುವೆಯ ಪಟಕಾ ತಲೆಗೆ ಸುತ್ತಿಕೊಂಡು ಎಲ್ಲರ ಹಿಂದೆ ಗಾಡಿ ನಿಲ್ಲಿಸಿದರು. ಅರ್ಧ ದಾರಿಯಲ್ಲಿ, ಅವರೊಂದಿಗೆ ಇಪ್ಪತ್ತು ವರ್ಷ ಪೈಪೋಟಿ ಮಾಡಿದ ಹಳೆಯ ಎದುರಾಳಿಯೊಬ್ಬರು ಹಾರ ಹಿಡಿದು ಕಾಯುತ್ತಿದ್ದರು. ಧ್ವನಿವರ್ಧಕದಲ್ಲಿ "ಮಂಡಳಿ, ಹೀ ಕಾಕಾಂಚಿ ಶೇವಟಚಿ ಶರ್ಯತ್! ಚಪ್ಪಾಳಿ ಹೊಡೀರಿ!" ಎಂದು ಮರಾಠಿ, ಕನ್ನಡ ಎರಡರಲ್ಲೂ ಇದು ಅವರ ಕೊನೆಯ ಶರ್ಯತ್ತೆಂದು ಸಾರಿದರು. ನಿಶಾನೆ ಬೀಸಿದರು. ಕಾಕಾ ಒಂದು ಕೈಯಲ್ಲಿ ಹಗ್ಗ ಹಿಡಿದು ಇನ್ನೊಂದನ್ನು ಜನರತ್ತ ಬೀಸಿದರು.

ಕುದುರೆಗೂ ಎತ್ತಿಗೂ ಯಾರೂ ಏನೂ ಹೇಳಿರಲಿಲ್ಲ. ಮುಂದಿನ ಗಾಡಿಗಳ ಧೂಳು ಕಂಡದ್ದೇ ತಡ, ಎರಡೂ ಓಟ ಕಿತ್ತವು. ಬೀಸುತ್ತಿದ್ದ ಕೈ ಹಗ್ಗಕ್ಕೆ ಬಂತು. ಪಟಕಾ ಬಿಚ್ಚಿ ಗಾಡಿಯ ಹಿಂದೆ ಬಾವುಟದಂತೆ ಹಾರಿತು. ಹಾರ ಹಿಡಿದು ನಿಂತಿದ್ದ ಎದುರಾಳಿ ಹಾರ ಬಿಸುಟು ಜೋಳದ ಹೊಲಕ್ಕೆ ಜಿಗಿದರು. ಒಂದೊಂದೇ ಗಾಡಿ ಹಿಂದೆ ಬಿದ್ದು, ಕಾಕಾ ಮೊದಲಿಗರಾಗಿ ಬಂದರು.

"ಸಾವಕಾಶ ಅಂದಿದ್ರಿ!" ಎಂದರು ಕಾಕು.

"ಕುದುರಿಗಿ ಜರ್ಮನ್ ಬರೂದಿಲ್ಲಲೇ!"

ಮನೆಗೆ ಬಂದು ಚಹಾ ಕುಡಿಯುವಾಗ ಕಾಕಾ ಗಂಭೀರವಾಗಿ ನನ್ನ ಕಡೆ ತಿರುಗಿದರು. "ನೀ ಓದಿದಾಕಿ, ಖರೇ ಹೇಳು ಮಗಳ. ಆಕೀಗಿ ಕೊನೀ ಓಟದಾಗ ಒಂದನೇ ನಂಬರ್ ಬಂದಿತ್ತೇನ?"

ಕಾಕು ನನ್ನನ್ನೇ ನೋಡುತ್ತಿದ್ದರು. ನಾನು ಕಪ್ಪಿನೊಳಗೆ ನೋಡಿದೆ. "ಇಲ್ಲ ಕಾಕಾ."

"ನನಗ ಬಂದೈತಿ. ಹಂಗಾರ ಇದು ಕೊನೀ ಓಟ ಹ್ಯಾಂಗ ಆಗತೈತಿ? ಇನ್ನೊಂದ್ ಓಡಬೇಕ."

ಕಾಕು ಸಿಟ್ಟಾಗುತ್ತಾರೆ ಎಂದುಕೊಂಡೆ. ಅವರು ಕಪ್ಪನ್ನು ನಿಧಾನವಾಗಿ ಕೆಳಗಿಟ್ಟು ಸೆರಗು ಸರಿಮಾಡಿಕೊಂಡರು.

"ಖರೇನ ಐತಿ ಬಿಡ್ರಿ. ಇನ್ನೊಂದ ಓಡ್ರಿ. ಸಾವಕಾಶ ಹೋಗ್ಬೇಕಲ್ಲ, ಗಾಡ್ಯಾಗ ನಾನೂ ಕುಂದರ್ತೀನಿ."

ಕಾಕಾ ಅವರನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿದರು. ನೊಗದ ಮೇಲೆ ಬೀಳುವ ಭಾರವನ್ನು ಅವರು ಅಂದಾಜು ಮಾಡುತ್ತಿದ್ದುದು ನನಗೇ ಕಾಣುತ್ತಿತ್ತು. ಇಡೀ ತಾಲೂಕಿನ ಎದುರು ಕೊನೆಯವರಾಗಿ ಬರುವುದನ್ನೂ ಅಂದಾಜು ಮಾಡಿರಬೇಕು.

"ಬ್ಯಾಡ," ಎಂದರು ಕೊನೆಗೆ. "ಕಾಕಾ ಗೆದ್ದ ಮ್ಯಾಲ ಓಡೂದ ಬಿಟ್ಟಾನ ಅಂತ ಬರಕೋ ಮಗಳ."