ನೆಲವನ್ನು ಕೇಳುತ್ತಿದ್ದ ಆಚಾರಿ

ಸಾಸಲಿನ ನಮ್ಮ ಮನೆಗೆ ಹೆಂಚು ಹೊದಿಸಲು ಬಂದ ಆಚಾರಿಗಾದ ಅನ್ಯಾಯ ನೆನೆದರೆ ಈಗಲೂ ಮೈ ಉರಿಯುತ್ತದೆ. ಯಾವ ಅಳತೆ ಕೇಳಿದರೂ ಆತ, "ನೆಲಾನೇ ಕೇಳೋಣ" ಅಂದು ಕಿವಿಯ ಸಂದಿನ ಪೆನ್ಸಿಲ್ ತೆಗೆಯುತ್ತಿದ್ದ.

ಹೆಂಚು ಹೊರುವ ಇಳಿಜಾರು ಜಂತೆ ಎಷ್ಟುದ್ದ ಬೇಕು ಅಂದಾಗಲೂ ಹಾಗೇ ಮಾಡಿದ. ಗೋಡೆಯಿಂದ ನಡುವಿಗೆ ಎಂಟಡಿ, ಅಲ್ಲಿಂದ ಮೇಲಕ್ಕೆ ಆರಡಿ. ನೆಲದ ಮೇಲೆ ಮೂಲೆಮಟ್ಟ ಇಟ್ಟು ಎರಡು ಗೆರೆ ಎಳೆದು, ತುದಿಯಿಂದ ತುದಿಗೆ ದಾರ ಹಿಡಿದ. "ಹತ್ತಡಿ."

ಕಾನ್ವೆಂಟಿನಿಂದ ರಜಕ್ಕೆ ಬಂದಿದ್ದ ನಾನು ಪೈಥಾಗರಸ್ ಥಿಯರಂ ಹಾಕಿ ನೋಡಿದೆ. ಮೂವತ್ತಾರು, ಅರವತ್ನಾಲ್ಕು, ಕೂಡಿದರೆ ನೂರು. "ಕರೆಕ್ಟ್ ಆಚಾರಿ, ಹತ್ತೇ!" ಅಂದೆ. ಆತನ ಮುಖ ಅರಳಿತು.

ಮಾರನೇ ದಿನ, ಕೆಲಸ ನೋಡಿಕೊಳ್ಳಲು ಅಪ್ಪ ಇಟ್ಟಿದ್ದ ಪ್ಯಾಂಟು ತೊಟ್ಟ ಓವರ್‌ಸಿಯರ್ ಬಂದು ಆ ಗೆರೆಗಳನ್ನು ಬೂಟಿನಿಂದ ಒರೆಸಿದ. "ರಂಗೋಲಿ ಸಾಕು ಕಣಯ್ಯ, ಒಂಬತ್ತಕ್ಕೆ ಕುಯ್ಯಿ."

ಕುಯ್ದು ಏರಿಸಿದರೆ ಎಲ್ಲ ಜಂತೆಯೂ ಒಂದಡಿ ಗಿಡ್ಡ. "ಈ ಹೆಬ್ಬೆಟ್ಟು ತಪ್ಪು ಅಳೆದ ಸಾರ್" ಅಂದುಬಿಟ್ಟ ಓವರ್‌ಸಿಯರ್. ಷೇಮ್‌ಲೆಸ್ ಫೆಲೋ! ಅಪ್ಪ ಅದನ್ನೇ ನಂಬಿ, ಎಲ್ಲರೆದುರು ಆಚಾರಿಯನ್ನು ಕೆಲಸದಿಂದ ಬಿಡಿಸಿದರು.

ನಾನು ಕಂಬದ ಪಕ್ಕದಲ್ಲೇ ನಿಂತಿದ್ದೆ. ದೊಡ್ಡವರಿಗೆ ಎದುರಾಡುವುದು ಬ್ಯಾಡ್ ಮ್ಯಾನರ್ಸ್ ಅಂತ ಸಿಸ್ಟರ್ ಕಲಿಸಿದ್ದರಲ್ಲ!

ಆಚಾರಿ ದಾರ ಸುತ್ತಿಕೊಂಡು ನನ್ನ ಕಡೆ ನೋಡಿದ.

"ನೆಲ ಹೇಳ್ತು ಕಣವ್ವ. ನೀವೂ ಹೇಳ್ಬೋದಿತ್ತು."