ಉಪ್ಪು ನೋಡದ ಅಡುಗೆ

ಜಂಬ ಕೊಚ್ಚಿಕೊಳ್ಳಲು ನನ್ನ ಹತ್ತಿರ ಇರುವುದು ಒಂದೇ ವಿದ್ಯೆ: ಉಪ್ಪು ನೋಡದೆ ಅಡುಗೆ ಮಾಡುವುದು. ಇದನ್ನು ವಿದ್ಯೆ ಎನ್ನಲು ನನ್ನ ಹೆಂಡತಿ ನೂರ್ ಒಪ್ಪುವುದಿಲ್ಲ. ನಾನು ಉಪ್ಪು ನೋಡಿ ಮಾಡಿದ ಅಡುಗೆಗೂ ನೋಡದೆ ಮಾಡಿದ ಅಡುಗೆಗೂ ಅವಳಿಗೆ ಇದುವರೆಗೆ ಯಾವ ವ್ಯತ್ಯಾಸವೂ ಕಂಡಿಲ್ಲವಂತೆ.

ಇದು ರಂಜಾನ್ ತಿಂಗಳು ಕಲಿಸಿದ್ದು. ತುಮಕೂರಿನ ನಮ್ಮ ಮನೆಯಲ್ಲಿ ರೋಜಾ ಹಿಡಿದ ಅಮ್ಮ ಮಧ್ಯಾಹ್ನದಿಂದಲೇ ಸಂಜೆಯ ಅಡುಗೆಗೆ ನಿಲ್ಲುತ್ತಿದ್ದಳು. ಅಡುಗೆ ಮಾಡುವವರು ಅಗತ್ಯವಿದ್ದರೆ ನಾಲಿಗೆಯ ತುದಿಗೆ ತಾಗಿಸಿಕೊಂಡು ಉಗಿದುಬಿಡಬಹುದು, ನುಂಗದಿದ್ದರೆ ರೋಜಾ ಮುರಿಯುವುದಿಲ್ಲ ಎಂದು ತಿಳಿದವರು ಹೇಳುತ್ತಾರೆ. ಅಮ್ಮನಿಗೆ ಈ ರಿಯಾಯಿತಿ ಬೇಕಿರಲಿಲ್ಲ. ಕುದಿಯುವ ಸದ್ದು, ಮೇಲೆ ತೇಲಿದ ಎಣ್ಣೆಯ ಬಣ್ಣ, ಮೂಗಿಗೆ ಬಂದ ಹಬೆ, ಇಷ್ಟರಲ್ಲೇ ಅವಳಿಗೆ ಎಲ್ಲ ತಿಳಿಯುತ್ತಿತ್ತು. ನಾನೂ ಆ ರಿಯಾಯಿತಿ ಪಡೆಯುವುದಿಲ್ಲ, ಆದರೆ ನನ್ನ ಕಾರಣ ಭಕ್ತಿಯಲ್ಲ. ಇಡೀ ದಿನ ಹಸಿದ ನಾಲಿಗೆಗೆ ಮಾಂಸದ ಸಾರು ತಾಗಿದ ಮೇಲೆ ಅದನ್ನು ಉಗಿಯುವಷ್ಟು ಮನೋಬಲ ನನಗೆ ದೇವರು ಕೊಟ್ಟಿಲ್ಲ.

ಕೊರೋನಾ ಬಂದ ಮೊದಲ ವರ್ಷದ ರಂಜಾನನ್ನು ನಾನು ಡಬ್ಲಿನ್ನಿನ ಸ್ಯಾಂಟ್ರಿಯಲ್ಲಿ ಒಬ್ಬನೇ ಕಳೆದೆ. ತನ್ನ ತಂಗಿಯ ಮದುವೆಗೆಂದು ತುಮಕೂರಿಗೆ ಹೋದ ನೂರ್ ಅಲ್ಲೇ ಸಿಕ್ಕಿಹಾಕಿಕೊಂಡಿದ್ದಳು. ವಿಮಾನ ನಿಲ್ದಾಣದ ಪಕ್ಕದ ಮನೆಯಲ್ಲಿ, ಮೊದಲೆಲ್ಲ ತಲೆಯ ಮೇಲೇ ಹಾರುವ ವಿಮಾನಗಳಿಗೆ ಶಾಪ ಹಾಕುತ್ತಿದ್ದ ನಾನು, ಈಗ ಒಂದಾದರೂ ಬರಬಾರದೇ ಎಂದು ಕಿಟಕಿಯಲ್ಲಿ ನಿಂತು ಆಕಾಶ ನೋಡುತ್ತಿದ್ದೆ. ಅಲ್ಲಿ ಬೇಸಿಗೆ ಹತ್ತಿರವಾದಂತೆ ಸೂರ್ಯ ಮುಳುಗುವುದನ್ನೇ ಮರೆಯುತ್ತಾನೆ. ಹೆಂಡತಿಯಿಲ್ಲದ ಮನೆಯಲ್ಲಿ ಆ ಉದ್ದನೆಯ ಹಗಲನ್ನು ನೂಕುವುದು ಹಸಿವಿಗಿಂತ ಕಷ್ಟವಾಗಿತ್ತು.

ನಮ್ಮದೇ ಮಹಡಿಯ ಎದುರು ಮನೆಯಲ್ಲಿ ಇದ್ದವರು ಪೋರ್ಚುಗಲ್ಲಿನ ಒಂದು ದ್ವೀಪದಿಂದ ಬಂದ ವಯಸ್ಸಾದ ದಂಪತಿ. ಗಂಡ ಮಾನುವೆಲ್, ಹೆಂಡತಿ ಫಾತಿಮಾ. ಬಾಗಿಲ ಮೇಲಿನ ಹೆಸರು ನೋಡಿ, ನಮ್ಮವರೇ ಇರಬೇಕೆಂದು ಮೊದಲ ದಿನ ಸಂಭ್ರಮದಿಂದ ಸಲಾಂ ಹೇಳಿದ್ದೆ. ಅವರ ದೇಶದಲ್ಲಿ ಆ ಹೆಸರಿನದೊಂದು ಯಾತ್ರಾಸ್ಥಳವಿದೆ, ಎರಡು ಮನೆಗೊಬ್ಬಳು ಫಾತಿಮಾ ಇರುತ್ತಾಳೆ ಎಂದು ಆಕೆ ನಕ್ಕಿದ್ದರು. ಅಂದಿನಿಂದ ನನ್ನನ್ನು ಕಂಡಾಗಲೆಲ್ಲ ಅವರೇ ಮೊದಲು ಸಲಾಂ ಹೇಳುತ್ತಿದ್ದರು. ನಾನು ಅವರಿಗೆ ಆಂಟಿ ಎನ್ನುತ್ತಿದ್ದೆ.

ಇಬ್ಬರಿಗೂ ಸೋಂಕು ತಗುಲಿತು. ಮಾನುವೆಲ್‌ರನ್ನು ಆಂಬುಲೆನ್ಸ್‌ನವರು ಕರೆದುಕೊಂಡು ಹೋದರು. ಹೋಗುವಾಗ ಅವರು ಕೈಯೆತ್ತಿ, ನನ್ನತ್ತ ತಿರುಗಿ "ಗ್ರ್ಯಾಂಡ್, ಗ್ರ್ಯಾಂಡ್" ಎಂದರು. ಐರ್ಲೆಂಡಿನಲ್ಲಿ ಎಲ್ಲ ಸರಿಯಿದ್ದರೂ ಗ್ರ್ಯಾಂಡ್, ಏನೂ ಸರಿಯಿಲ್ಲದಿದ್ದರೂ ಗ್ರ್ಯಾಂಡ್. ಅವರು ಹಿಂದಿರುಗಲಿಲ್ಲ. ಮನೆಯಿಂದ ಹೊರಗೆ ಬರುವಂತಿಲ್ಲದ ಆಂಟಿ, ತಮ್ಮ ಗಂಡನ ಶವಪೆಟ್ಟಿಗೆಯನ್ನು ಚರ್ಚಿನ ಕ್ಯಾಮೆರಾ ತೋರಿಸಿದಷ್ಟು ಫೋನಿನಲ್ಲಿ ನೋಡಿದರು. ನಡುವೆ ಅದೂ ನಿಂತುಹೋಯಿತಂತೆ. ನಾನು ನಾಲ್ಕು ಹೆಜ್ಜೆ ಆಚೆ, ನನ್ನ ಬಾಗಿಲ ಹಿಂದೆ ನಿಂತು ಅವರ ಅಳು ಕೇಳಿಸಬಹುದೆಂದು ಕಾದೆ. ಏನೂ ಕೇಳಿಸಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ಕೆಲವು ದಿನಗಳ ನಂತರ ಅವರ ಮಗಳು ಪೋರ್ಚುಗಲ್‌ನಿಂದ ಫೋನ್ ಮಾಡಿದಳು. ಅಮ್ಮ ಏನನ್ನೂ ತಿನ್ನುತ್ತಿಲ್ಲ, ರುಚಿಯೂ ಇಲ್ಲ, ವಾಸನೆಯೂ ಇಲ್ಲ, ಹೀಗೇ ಆದರೆ ಅಪ್ಪನ ಹಿಂದೆಯೇ ಹೋಗಿಬಿಡುತ್ತಾಳೆ ಎಂದು ಅತ್ತಳು. ನಾನು ಬಾಗಿಲಲ್ಲಿಟ್ಟ ಗಂಜಿ, ಕಿಚಡಿ ಎಲ್ಲ ತಣ್ಣಗಾಗಿ ಅಲ್ಲೇ ಇರುತ್ತಿದ್ದದ್ದು ನನಗೂ ಗೊತ್ತಿತ್ತು. ಆಂಟಿಗೇ ಫೋನ್ ಮಾಡಿ, ಏನಾದರೂ ಒಂದು ಕೇಳಿ, ಮಾಡಿಕೊಡುತ್ತೇನೆ ಎಂದೆ. "ಅಲ್ಕಾತ್ರಾ" ಎಂದರು.

ಅಲ್ಕಾತ್ರಾ ಎಂದರೆ ಅವರ ದ್ವೀಪದ ಹಬ್ಬದಡುಗೆ. ಮೂಳೆ ಸಮೇತ ದನದ ಮಾಂಸವನ್ನು ಮಣ್ಣಿನ ಮಡಕೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಪಲಾವ್ ಎಲೆ, ಚಕ್ಕೆಯ ಜೊತೆ ಅರ್ಧ ದಿನ ಸಣ್ಣ ಉರಿಯಲ್ಲಿ ಬೇಯಿಸುತ್ತಾರೆ. ಭಾನುವಾರ ಅದನ್ನು ಮಾಡುತ್ತಿದ್ದವರು ಮಾನುವೆಲ್. ಆಂಟಿ ಒಮ್ಮೆಯೂ ಮಾಡಿದವರಲ್ಲ. ಆದರೆ ನಮ್ಮ ಮನೆಗಳಲ್ಲಿ ಒಲೆ ಮುಟ್ಟದ ಗಂಡಸರ ಹಾಗೆ, ಹೇಗೆ ಮಾಡಬೇಕೆಂದು ಹೇಳುವುದರಲ್ಲಿ ನಿಸ್ಸೀಮರು. ನಮ್ಮಿಬ್ಬರ ಇಂಗ್ಲಿಷೂ ಅಷ್ಟಕ್ಕಷ್ಟೇ ಆದ್ದರಿಂದ ನಡೆದ ಮಾತನ್ನು ಕನ್ನಡದಲ್ಲೇ ಹೇಳುತ್ತೇನೆ.

"ಮೊದ್ಲು ಹಂದಿ ಕೊಬ್ಬು ಹಾಕ್ಬೇಕು," ಎಂದರು.

"ಅದು ಆಗಲ್ಲ ಆಂಟಿ."

"ಸರಿ ಬಿಡು. ಒಂದು ಬಾಟ್ಲಿ ವೈನ್ ಸುರಿ."

"ಅದೂ ಆಗಲ್ಲ. ದ್ರಾಕ್ಷಿ ಜ್ಯೂಸು, ಸ್ವಲ್ಪ ವಿನೆಗರ್ ಹಾಕ್ತೀನಿ. ನಿಮ್ಮ ಮಡಕೇನೂ ಬೇಡ, ಅದು ಇಷ್ಟು ವರ್ಷ ಇದನ್ನೆಲ್ಲ ಹೀರ್ಕೊಂಡಿದೆ. ನಂದೇ ಬಿರಿಯಾನಿ ಪಾತ್ರೆ ಇದೆ."

"ಹಂದಿ ಇಲ್ಲ, ವೈನ್ ಇಲ್ಲ, ಮಡಕೆ ಇಲ್ಲ. ಮತ್ತೆ ಉಳಿದಿದ್ದೇನಪ್ಪಾ, ಅಲ್ಕಾತ್ರಾ ಅನ್ನೋ ಹೆಸ್ರಾ?"

ಗಂಡ ಹೋದ ಮೇಲೆ ಆಕೆ ಜಗಳವಾಡಿದ್ದು ಅದೇ ಮೊದಲು. ನನಗೆ ಎಷ್ಟು ಖುಷಿಯಾಯಿತೆಂದರೆ, ಇನ್ನೊಂದೆರಡು ಸಾಮಾನು ಬೇಡವೆನ್ನಲು ಹುಡುಕಿದೆ.

ನೂರ್‌ಗೆ ವಿಷಯ ಹೇಳಿದಾಗ "ಬಿಡ್ರೀ, ನಿಮ್ಮ ಅಡುಗೆಗೆ ರುಚಿ ಗೊತ್ತಾಗದವರೇ ಸರಿ," ಎಂದಳು. ಹೇಳಿದ ಮೇಲೆ ಇಬ್ಬರಿಗೂ ನಗು ಬರಲಿಲ್ಲ. "ತಿಂತಾರಾ ಅವ್ರು?" ಎಂದು ಮೆಲ್ಲಗೆ ಕೇಳಿದಳು. ಗೊತ್ತಿಲ್ಲ ಎಂದೆ.

ಹಲಾಲ್ ಅಂಗಡಿಯಿಂದ ಕಾಲಿನ ಮಾಂಸ ತಂದೆ. ಪಾತ್ರೆಯ ಬಾಯಿಗೆ ಗೋಧಿ ಹಿಟ್ಟು ಮೆತ್ತಿ ದಮ್ ಕಟ್ಟಿ ಓವನ್ನಿನಲ್ಲಿಟ್ಟೆ. ಹಿಟ್ಟು ಮೆತ್ತುವ ಮೊದಲು ಉಪ್ಪಿನ ಡಬ್ಬಿ ಹಿಡಿದು ನಿಂತಿದ್ದೆ. ಯೋಚಿಸಿ ನೋಡಿ: ಮಾಡುವವನು ರುಚಿ ನೋಡುವಂತಿಲ್ಲ, ತಿನ್ನುವವರಿಗೆ ರುಚಿ ಗೊತ್ತಾಗುವುದಿಲ್ಲ, ರುಚಿ ಬಲ್ಲವನು ಮಣ್ಣಿನಲ್ಲಿದ್ದಾನೆ. ಇಂಥ ಅಡುಗೆಗೆ ಉಪ್ಪು ಎಷ್ಟಾದರೇನು ಎಂದುಕೊಳ್ಳಬಹುದಿತ್ತು. ಹಾಗೆ ಅಂದುಕೊಳ್ಳಲು ಆಗಲಿಲ್ಲ. ಅಮ್ಮನ ಹಾಗೆ ಬಗ್ಗಿ ಹಬೆ ಮೂಸಿ, ಬಣ್ಣ ನೋಡಿ, ಅಂಗೈಯಲ್ಲಿ ಅಳೆದು ಹಾಕಿದೆ. ಮಧ್ಯಾಹ್ನದ ಹೊತ್ತಿಗೆ ಇಡೀ ಮಹಡಿ ಘಮಘಮಿಸತೊಡಗಿತು, ಅದು ಯಾರ ಸಲುವಾಗಿತ್ತೋ ಅವರ ಮೂಗೊಂದನ್ನು ಬಿಟ್ಟು.

ಸಂಜೆ ನನ್ನ ಇಫ್ತಾರಿನ ಹೊತ್ತಿಗೇ ತಾವೂ ತಿನ್ನುವುದಾಗಿ ಹೇಳಿದರು ಆಂಟಿ. ಅವರ ಬಾಗಿಲಲ್ಲಿ ತಟ್ಟೆಯಿಟ್ಟು ಬಂದು ನನ್ನ ಹೊಸ್ತಿಲಲ್ಲಿ ಕುಳಿತೆ. ಅವರು ಕುರ್ಚಿ ಎಳೆದುಕೊಂಡು ತಮ್ಮ ಹೊಸ್ತಿಲಲ್ಲಿ ಕುಳಿತರು. ಬಹಳ ಇಳಿದುಹೋಗಿದ್ದರು. ನಾನು ಖರ್ಜೂರ ತಿಂದು, ನೀರು ಕುಡಿದು, ಮಾಂಸದ ಒಂದು ತುಂಡು ಬಾಯಿಗಿಟ್ಟೆ. ಸುಳ್ಳೇಕೆ ಹೇಳಲಿ, ಜನ್ಮದಲ್ಲಿ ಅಷ್ಟು ಹದವಾಗಿ ನಾನು ಏನನ್ನೂ ಮಾಡಿರಲಿಲ್ಲ. ಉಪ್ಪು ಹೇಳಿ ಮಾಡಿಸಿದಂತಿತ್ತು. ಆಂಟಿ ಒಂದು ಚಮಚ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು. ನುಂಗಲಿಲ್ಲ. ಉಗುಳುತ್ತಾರೆ ಎಂದೇ ನಾನು ಮುಖ ತಿರುಗಿಸಿದೆ.

"ಉಪ್ಪು ಕಮ್ಮಿ ಆಗಿದೆ," ಎಂದರು.

ನಾನು ಕುಣಿದಾಡುವುದೊಂದು ಬಾಕಿ. "ರುಚಿ ಬಂತಾ ಆಂಟಿ?"

"ಇಲ್ಲಪ್ಪಾ. ಬಾಯಲ್ಲಿ ಬಟ್ಟೆ ಇಟ್ಕೊಂಡ ಹಾಗಿದೆ. ಪ್ರತಿ ಭಾನುವಾರ ಮಾನುವೆಲ್‌ಗೆ ಇದನ್ನೇ ಹೇಳ್ತಿದ್ದೆ. ಹೇಳದೆ ಗಂಟಲಲ್ಲಿ ಇಳೀಲಿಲ್ಲ." ನುಂಗಿದರು. ಆಮೇಲೆ ಚಮಚ ಹಿಡಿದು ನನ್ನನ್ನೇ ನೋಡುತ್ತ ಕುಳಿತರು. ಏನೋ ಉತ್ತರ ಬರಬೇಕಿತ್ತು, ಅದಿಲ್ಲದೆ ಎರಡನೇ ತುತ್ತು ಎತ್ತುವಂತಿರಲಿಲ್ಲ.

ಆ ಮನುಷ್ಯ ಏನು ಹೇಳುತ್ತಿದ್ದನೋ ನನಗೇನು ಗೊತ್ತು? ಸಾಂತ್ವನದ ಮಾತು ಹುಡುಕಿದೆ, ಸಿಗಲಿಲ್ಲ. ಸಿಕ್ಕಿದ್ದು ಬರೀ ಸಿಟ್ಟು. ದಿನವಿಡೀ ಹಸಿದುಕೊಂಡು, ಉಸಿರು ಬಿಗಿಹಿಡಿದು ಹಾಕಿದ ಉಪ್ಪು, ಅಷ್ಟು ಹದವಾಗಿ ಕೂತ ಉಪ್ಪು, ಅದನ್ನು ಕಮ್ಮಿ ಎನ್ನುತ್ತಾರಲ್ಲ!

"ಬೇಕಿದ್ರೆ ಹಾಕ್ಕೊಳ್ಳಿ," ಎಂದು ಸಿಡುಕಿದೆ.

ಆಂಟಿಯ ಮುಖ ಒಮ್ಮೆಲೇ ಒಡೆದುಹೋಯಿತು. ನಾನು ಇಷ್ಟು ದಿನ ಬಾಗಿಲ ಹಿಂದೆ ನಿಂತು ಕಾದಿದ್ದ ಅಳು ಆಗ ಬಂತು, ಜೋರಾಗಿ, ಮಹಡಿಯೆಲ್ಲ ಕೇಳುವಂತೆ. ಎದ್ದು ಹೋಗಿ ಸಮಾಧಾನ ಮಾಡುವಂತಿಲ್ಲ; ಇದ್ದಲ್ಲೇ ಕುಳಿತೆ. ಅತ್ತು ಮುಗಿಸಿ, "ಅವ್ನೂ ಇದನ್ನೇ ಅಂತಿದ್ದ," ಎಂದು ಮೂಗು ಒರೆಸಿಕೊಂಡು, ಒಳಗಿನಿಂದ ಉಪ್ಪು ತಂದರು. ತಮಗೆ ಗೊತ್ತೇ ಆಗದ ಉಪ್ಪನ್ನು ಎರಡು ಚಿಟಿಕೆ ಉದುರಿಸಿಕೊಂಡು, ನನ್ನ ಅಷ್ಟು ಚೆಂದದ ಅಡುಗೆಯನ್ನು ಹಾಳು ಮಾಡಿಕೊಂಡು, ತಟ್ಟೆಯಲ್ಲಿ ಏನೂ ಬಿಡದೆ ತಿಂದರು.